ಪಡಸಾಲೆಗೆ ಬಂದ ಊದುವಾದ್ಯ

ತುರ್ವಿಹಾಳ, ಮಸ್ಕಿ, ಲಿಂಗಸುಗೂರು ಕಡೆಯ ಊರುಗಳ ಜಾತ್ರೆಯಲ್ಲಿ ಯಾವ ವಾದ್ಯ ಎಲ್ಲಿ ನುಡಿಯಬೇಕು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಉಚ್ಛಾಯವೆಂಬ ಸಣ್ಣ ತೇರಿನ ಮುಂದೆ ಬಯಲಲ್ಲಿ ಸನಾದಿ, ಹಲಗಿ, ಡೊಳ್ಳು. ರಾತ್ರಿಯಾದ ಮೇಲೆ ಮಠದೊಳಗೆ ತತ್ವಪದಕ್ಕೆ ಏಕತಾರಿ, ದಮ್ಮಡಿ, ತಾಳ. ಮದುವೆ ಮನೆಯಲ್ಲೂ ಅದೇ ಕ್ರಮ: ಭಜಂತ್ರಿಯವರು ಹಂದರದ ಅಂಚಿನಲ್ಲಿ ಕೂತು ಊದುತ್ತಾರೆ, ಪಡಸಾಲೆಯೊಳಕ್ಕೆ ಬರುವುದಿಲ್ಲ. ಉಸಿರಿನಿಂದ ನುಡಿಯುವುದು ಹೊರಗೆ, ತಂತಿಯಿಂದ ನುಡಿಯುವುದು ಒಳಗೆ. ಇವೆರಡೂ ಒಂದೇ ಕೋಣೆಯಲ್ಲಿ, ಒಂದೇ ಜಮಖಾನದ ಮೇಲೆ ಕೂತು, ಒಂದೇ ರಾಗವನ್ನು ಹಂಚಿಕೊಂಡು ನುಡಿಸುವ ಕಾಲ ಕನ್ನಡ ನಾಡಿಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅದರ ಬಹುಪಾಲು ನಡೆದದ್ದು ಮೈಸೂರಿನಲ್ಲಿ. ಆದರೆ ಮೈಸೂರಿಗೆ ಹೋಗುವ ಮೊದಲು ವಿಯೆನ್ನಾ ಮತ್ತು ಮದರಾಸನ್ನು ಹಾದು ಹೋಗಬೇಕು.

ಒಳಗೆ–ಹೊರಗೆ ಎಂಬ ಈ ಗೆರೆ ಬಿದ್ದದ್ದಕ್ಕೆ ಎರಡು ಕಾರಣ. ಮೊದಲನೆಯದು ಸದ್ದು. ಸನಾದಿ, ನಾಗಸ್ವರಗಳು ಹೊಲ ದಾಟಿ ಕೇಳಿಸಬೇಕೆಂದೇ ಹುಟ್ಟಿದ ವಾದ್ಯಗಳು. ಅವುಗಳ ಪಕ್ಕದಲ್ಲಿ ವೀಣೆ ಇಟ್ಟರೆ ನುಡಿಸುವವರಿಗೇ ಅದರ ದನಿ ಕೇಳಿಸದು. ಎರಡನೆಯದು ಜಾತಿ. ಬಾಯಿ ಹಚ್ಚಿ ನುಡಿಸುವುದು ಎಂಜಲು ಎಂಬ ಭಾವನೆ ಎಷ್ಟು ಗಟ್ಟಿಯಾಗಿತ್ತೆಂದರೆ, ದೇವರನ್ನು ಎಬ್ಬಿಸುವ ಮಂಗಳವಾದ್ಯ ಒಂದು ಜನದ್ದು, ದೇವರ ಮುಂದೆ ಕೂತು ಹಾಡುವ ಹಕ್ಕು ಇನ್ನೊಂದು ಜನದ್ದು ಎಂದಾಗಿಬಿಟ್ಟಿತು. ಈ ನೋವು ನಾಡಿನ ಮನೆಮಾತಾದದ್ದು 1977ರಲ್ಲಿ ‘ಸನಾದಿ ಅಪ್ಪಣ್ಣ’ ಚಿತ್ರ ಬಂದಾಗ. ತೆರೆಯ ಮೇಲೆ ರಾಜಕುಮಾರ್, ತೆರೆಯ ಹಿಂದೆ ಉಸ್ತಾದ್ ಬಿಸ್ಮಿಲ್ಲಾ ಖಾನರ ಉಸಿರು. ಊದುವಾದ್ಯಗಳಲ್ಲಿ ಕೊಳಲೊಂದಕ್ಕೆ ಮಾತ್ರ ರಿಯಾಯಿತಿ ಸಿಕ್ಕಿತ್ತು, ಅದು ಕೃಷ್ಣನ ಕೈಯಲ್ಲಿದ್ದದ್ದರಿಂದ. ಆ ಕೊಳಲು ಕೂಡ ಕಚೇರಿಯ ಮುಖ್ಯ ವಾದ್ಯವಾದದ್ದು 19ನೆಯ ಶತಮಾನದ ಕೊನೆಗೆ, ಕುಂಭಕೋಣದ ಶರಭಶಾಸ್ತ್ರಿಗಳಿಂದ.

ಈ ಗೆರೆ ನಮ್ಮಲ್ಲಿ ಮಾತ್ರ ಇತ್ತು ಎಂದುಕೊಂಡರೆ ತಪ್ಪು. ಯುರೋಪಿನಲ್ಲೂ ಊದುವಾದ್ಯಗಳು ತೋಟಕ್ಕೆ, ಬೇಟೆಗೆ, ಸೈನ್ಯಕ್ಕೆ, ಶ್ರೀಮಂತರ ಊಟದ ಹೊತ್ತಿಗೆ ಸೇರಿದ್ದವು. 1782ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ವಿಯೆನ್ನಾದ ಆಸ್ಥಾನಕ್ಕೆ ಎಂಟು ಜನರ ಊದುವಾದ್ಯ ಮೇಳವೊಂದನ್ನು ಕಟ್ಟಿದ: ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್, ಒಂದೊಂದೂ ಎರಡು. ಪಿಟೀಲು ಬಳಗ ಮಾತ್ರ ಕೋಣೆಯೊಳಗೆ ನಾಲ್ವರ ಮಾತುಕತೆಯಾಗಿ ಬೇರೆಯೇ ಬೆಳೆಯುತ್ತಿತ್ತು. ಈ ಎರಡನ್ನು ಒಂದೇ ಮೇಜಿನ ಸುತ್ತ ಕೂರಿಸಿದವರಲ್ಲಿ ಮೊದಲು ನೆನೆಯಬೇಕಾದವನು ಮೊಜಾರ್ಟ್. 1789ರಲ್ಲಿ ಗೆಳೆಯ ಆಂಟನ್ ಸ್ಟಾಡ್ಲರ್‌ಗೆಂದು ಅವನು ಬರೆದ ಕ್ಲಾರಿನೆಟ್ ಪಂಚವಾದ್ಯದಲ್ಲಿ ಕ್ಲಾರಿನೆಟ್ ಯಜಮಾನನೂ ಅಲ್ಲ, ಆಳೂ ಅಲ್ಲ. ಒಮ್ಮೆ ಅದು ಹಾಡುತ್ತದೆ, ಒಮ್ಮೆ ಪಿಟೀಲಿಗೆ ಹಾಡಲು ಬಿಟ್ಟು ತಾನು ಕೆಳಗಿನ ಸ್ಥಾಯಿಯಲ್ಲಿ ಮೆಲ್ಲಗೆ ನಡೆಯುತ್ತದೆ. 1800ರಲ್ಲಿ ಬೀಥೋವನ್‌ನ ಏಳು ವಾದ್ಯಗಳ ಕೃತಿ ಬಂತು. ಮೂರು ಊದುವವು, ನಾಲ್ಕು ತಂತಿಯವು. 1813ರಲ್ಲಿ ಯೋಹಾನ್ ಟೋಸ್ಟ್ ಎಂಬ ಬಟ್ಟೆ ವ್ಯಾಪಾರಿ ಹಣ ಕೊಟ್ಟು ಲೂಯಿ ಸ್ಪೋರ್‌ನಿಂದ ಒಂಬತ್ತು ವಾದ್ಯಗಳಿಗೆ ಬರೆಸಿದ. 1824ರಲ್ಲಿ ಶೂಬರ್ಟ್‌ನಿಂದ ಎಂಟು ವಾದ್ಯಗಳ ಕೃತಿ ಬರೆಸಿದ ಫರ್ಡಿನಾಂಡ್ ಟ್ರಾಯರ್ ತಾನೇ ಕ್ಲಾರಿನೆಟ್ ನುಡಿಸುವವನು. ಇವೆಲ್ಲ ದೊಡ್ಡ ಸಭೆಗಲ್ಲ, ಮನೆಯ ಪಡಸಾಲೆಗೆ ಹುಟ್ಟಿದ ಸಂಗೀತ. ಹಣ ಕೊಟ್ಟವರು ಸಂಗೀತದ ಹುಚ್ಚಿದ್ದ ಮನುಷ್ಯರು. ಆ ಹುಚ್ಚು ಇಲ್ಲದಿದ್ದರೆ ಒಳಗೆ–ಹೊರಗಿನ ಗೋಡೆ ಇನ್ನಷ್ಟು ಕಾಲ ಅಲ್ಲೇ ನಿಂತಿರುತ್ತಿತ್ತು.

ಅದೇ ಹೊತ್ತಿಗೆ ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬ್ಯಾಂಡು ಕೋಟೆಯೊಳಗೆ ನುಡಿಸುತ್ತಿತ್ತು. ಮುತ್ತುಸ್ವಾಮಿ ದೀಕ್ಷಿತರು ಆ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಸಂಸ್ಕೃತದ ಮಾತು ಕೂಡಿಸಿದರು. ಸುಮಾರು 40 ನೊಟ್ಟುಸ್ವರಗಳು ಹಾಗೆ ಹುಟ್ಟಿದವು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿನವರಿಂದ ಪಿಟೀಲು ಕಲಿತು ಅದನ್ನು ನಮ್ಮ ಸಂಗೀತಕ್ಕೆ ತಿರುಗಿಸಿಕೊಂಡರು. ಇಂದು ಕಚೇರಿಯ ಅಂಗವೇ ಆಗಿಹೋಗಿರುವ ಪಿಟೀಲು ಕಡಲಾಚೆಯಿಂದ, ಬ್ಯಾಂಡಿನವರ ಜೊತೆಯಲ್ಲಿ ಬಂದದ್ದು. ಜೊತೆಗೆ ಬಂದ ಕ್ಲಾರಿನೆಟ್ಟಿಗೆ ಮಾತ್ರ ಆ ಅದೃಷ್ಟ ಇರಲಿಲ್ಲ. 19ನೆಯ ಶತಮಾನದ ನಡುವಿನಲ್ಲಿ ತಂಜಾವೂರಿನ ಮಹಾದೇವ ನಟ್ಟುವನಾರ್ ಅದನ್ನು ನಾಟ್ಯದ ಮೇಳಕ್ಕೆ ತಂದರು, ಅದು ಅಲ್ಲೇ ಉಳಿಯಿತು. ಪಿಟೀಲಿಗೆ ಮೆಟ್ಟಿಲುಗಳಿಲ್ಲ, ಬೆರಳು ಜಾರಿದರೆ ಗಮಕ ತಾನೇ ಬರುತ್ತದೆ. ಹಳೆಯ ಮಾದರಿಯ ಕ್ಲಾರಿನೆಟ್ಟಿನಲ್ಲಾದರೆ ರಂಧ್ರವನ್ನು ಬೆರಳಿನಿಂದ ಅರೆ ಮುಚ್ಚಿ, ತುಟಿ ಬಿಗಿಹಿಡಿದು ಸ್ವರವನ್ನು ಎಳೆಯಬೇಕು. ಅದೇನೂ ಆಗದ ಕೆಲಸವಲ್ಲ. ಆದ್ದರಿಂದ ಕ್ಲಾರಿನೆಟ್ಟನ್ನು ಹೊರಗಿಟ್ಟದ್ದು ವಾದ್ಯದ ಗುಣ ಅನ್ನುವುದಕ್ಕಿಂತ ಅದನ್ನು ನುಡಿಸುತ್ತಿದ್ದವರ ಜಾತಿ ಮತ್ತು ಅದು ನುಡಿಯುತ್ತಿದ್ದ ಜಾಗ ಎಂದೇ ನನಗೆ ತೋರುತ್ತದೆ.

ಇನ್ನು ಮೈಸೂರು. ಹತ್ತನೆಯ ಚಾಮರಾಜೇಂದ್ರ ಒಡೆಯರು ಸ್ವತಃ ಪಿಟೀಲು ನುಡಿಸುತ್ತಿದ್ದವರು. ಬಸಪ್ಪ ಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀ ಗೌರಿ’ ಅವರ ಕಾಲದಲ್ಲೇ ಸಂಸ್ಥಾನದ ಗೀತೆಯಾಯಿತು. 1894ರಲ್ಲಿ ಅವರು ತೀರಿಕೊಂಡರು. 1902ರಲ್ಲಿ ಪೂರ್ಣಾಧಿಕಾರ ಪಡೆದ ನಾಲ್ವಡಿ ಕೃಷ್ಣರಾಜ ಒಡೆಯರು ತಂದೆಯನ್ನೂ ಮೀರಿದರು. ವೀಣೆ, ಪಿಟೀಲು, ಸಿತಾರ್, ಪಿಯಾನೊ, ಮೃದಂಗ, ಕೊಳಲು, ಸ್ಯಾಕ್ಸೊಫೋನ್, ನಾಗಸ್ವರ — ಎಂಟು ವಾದ್ಯ ಬಲ್ಲವರೆಂದು ಅವರಿಗೆ ಹೆಸರು. ಈ ಪಟ್ಟಿಯ ಕೊನೆಯ ಎರಡನ್ನು ಗಮನಿಸಿ. ದೇವಸ್ಥಾನದ ಹೊರಾಂಗಣದ ವಾದ್ಯವನ್ನೂ ಸೈನ್ಯದ ಬ್ಯಾಂಡಿನ ವಾದ್ಯವನ್ನೂ ಒಬ್ಬ ಮಹಾರಾಜ ತನ್ನ ತುಟಿಗಿಟ್ಟುಕೊಂಡದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಎಂಜಲಿನ ಮಾತು ಅರಮನೆಯೊಳಗಂತೂ ಅಲ್ಲಿಗೆ ನಿಂತಿತು.

ಅರಮನೆಯಲ್ಲಿ ಎರಡು ಬ್ಯಾಂಡುಗಳಿದ್ದವು. ಒಂದು ಇಂಗ್ಲಿಷ್ ಬ್ಯಾಂಡ್, ಇನ್ನೊಂದು ಕರ್ನಾಟಕ ಬ್ಯಾಂಡ್. ಎರಡನೆಯದರಲ್ಲಿ ಯುರೋಪಿನ ಊದುವಾದ್ಯಗಳು ನಮ್ಮ ಕೃತಿಗಳನ್ನು ನುಡಿಸುತ್ತಿದ್ದವು. ಪಾಶ್ಚಾತ್ಯ ಆರ್ಕೆಸ್ಟ್ರಾವನ್ನು ತಿದ್ದಲು ಜರ್ಮನಿಯ ಒಟ್ಟೊ ಶ್ಮಿಟ್ ಬಂದಿದ್ದರು. 1897ರಲ್ಲಿ ಮರದ ಅರಮನೆ ಸುಟ್ಟು, 1912ರ ಹೊತ್ತಿಗೆ ಈಗಿನ ಅರಮನೆ ಎದ್ದು ನಿಂತಿತ್ತು. ದಸರಾದ ದರ್ಬಾರಿನಲ್ಲಿ ಬ್ಯಾಂಡು, ಒಳಗಿನ ತೊಟ್ಟಿಗಳಲ್ಲಿ ವೀಣೆ. ವೀಣೆ ಶೇಷಣ್ಣನವರು ಪಿಯಾನೊದ ಮೇಲೂ ರಾಗ ಮೂಡಿಸುತ್ತಿದ್ದ ಮನೆ ಅದು. ವೀಣೆ ವೆಂಕಟಗಿರಿಯಪ್ಪನವರಿಗೆ ಮಹಾರಾಜರು ಹೊಸ ಬಗೆಯ ರಚನೆ ಮಾಡಲು ಹೇಳಿದರು; ‘ನಗ್ಮಾ’ಗಳು ಹುಟ್ಟಿದ್ದು ಹೀಗೆ. ಅವು ಹಾಡಿನ ಹಂಗಿಲ್ಲದ, ವಾದ್ಯಕ್ಕೆಂದೇ ಕಟ್ಟಿದ ರಚನೆಗಳು. ನಮ್ಮಲ್ಲಿ ವಾದ್ಯವೂ ಹಾಡಿನ ನೆರಳಾಗಿಯೇ ನಡೆದು ಬಂದದ್ದು. ಮಾತಿಲ್ಲದ ಸ್ವರರಚನೆಗೆ ಒಬ್ಬ ರಾಜ ಆಸೆಪಟ್ಟನೆಂದರೆ ವಾದ್ಯಗಳಿಗೆ ತಮ್ಮದೇ ದನಿ ಇದೆ ಎಂದು ಒಪ್ಪಿದಂತೆ. 1927ರಲ್ಲಿ ಆಸ್ಥಾನಕ್ಕೆ ಬಂದ ಮುತ್ತಯ್ಯ ಭಾಗವತರು ಚಾಮುಂಡಾಂಬೆಯ ಮೇಲೆ 108 ಕೃತಿ ರಚಿಸಿದವರು. ಬ್ಯಾಂಡಿನ ನಡೆಯನ್ನು ಕಚೇರಿಯೊಳಕ್ಕೆ ತಂದ ‘ಇಂಗ್ಲಿಷ್ ನೋಟು’ ಕೂಡ ಅವರದೇ.

ಆಗ ತಂತಿಯವರ ಮುಂದಿದ್ದ ದೊಡ್ಡ ಕಷ್ಟ ದನಿಯದು. ಧ್ವನಿವರ್ಧಕ ಇನ್ನೂ ಊರೂರಿಗೆ ಬಂದಿರಲಿಲ್ಲ. ಸಭೆ ದೊಡ್ಡದಾಗುತ್ತಾ ಹೋಯಿತು, ಪಿಟೀಲು ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರು 1927ರ ಸುಮಾರಿಗೆ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಬಿಲ್ಲು ಎಳೆದರೆ ಸ್ವರದ ಜೊತೆಗೆ ಅದರದೇ ಇನ್ನೊಂದು ಸ್ಥಾಯಿಯೂ ನುಡಿಯುತ್ತಿತ್ತು. ತುಂಬು ಕಂಠದ ಗಾಯಕನ ಎದುರಾಗಲಿ, ಊದುವಾದ್ಯದ ಎದುರಾಗಲಿ ಅಂಥ ಪಿಟೀಲು ಸೋಲುವುದಿಲ್ಲ. ಬೆಂಗಳೂರಿನಲ್ಲಿ 1980ರಲ್ಲಿ ಅವರ ನೆನಪಿಗೆ ಕಟ್ಟಿದ ಸಭಾಂಗಣವೂ ಪಿಟೀಲಿನ ಆಕಾರದಲ್ಲೇ ಇದೆ. ಗೆರೆಯ ಆಚೆ ಬದಿಯಲ್ಲಿ ತಮಿಳುನಾಡಿನ ಟಿ.ಎನ್. ರಾಜರತ್ನಂ ಪಿಳ್ಳೈ ನಾಗಸ್ವರವನ್ನು ಕಚೇರಿಯ ವೇದಿಕೆಗೆ ಏರಿಸಿ, ಶ್ರುತಿಗೆ ಒತ್ತು ಎಂಬ ಊದುವಾದ್ಯದ ಬದಲು ತಂಬೂರಿ ಇಟ್ಟುಕೊಂಡರು. ಊದುವವನ ಬೆನ್ನಿಗೆ ತಂತಿ ಕೂತಿತು. ನೋಡುವವರಿಗೆ ಅದು ಬರೀ ಶ್ರುತಿಯ ಬದಲಾವಣೆ. ಹೊರಗೆ ನಿಂತು ನುಡಿಸಿದ ಮನೆತನದವನಿಗೆ ಅದು ಎಷ್ಟು ದೊಡ್ಡ ಹೆಜ್ಜೆ ಎಂದು ಅವನಿಗೇ ಗೊತ್ತು.

1940ರಲ್ಲಿ ಪಟ್ಟಕ್ಕೆ ಬಂದ ಜಯಚಾಮರಾಜ ಒಡೆಯರಿಗೆ ಚಿಕ್ಕಂದಿನಿಂದ ಪಿಯಾನೊ ಅಭ್ಯಾಸ. ಯುರೋಪಿನ ಸಂಗೀತವನ್ನು ಅವರು ಪ್ರೀತಿಸಿದ ಬಗೆ ಶೋಕಿಯದಲ್ಲ. ರಷ್ಯದಿಂದ ಬಂದು ಲಂಡನ್ನಿನಲ್ಲಿ ಬಡತನದಲ್ಲಿದ್ದ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣವಾಗಲೆಂದು ಮೈಸೂರಿನ ಹಣದಲ್ಲಿ ಮೆಟ್ನರ್ ಸೊಸೈಟಿ ಹುಟ್ಟಿತು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ಯುದ್ಧ ಮುಗಿದ ವರ್ಷ 1945ರಲ್ಲಿ ವಾಲ್ಟರ್ ಲೆಗ್ ಕಟ್ಟಿದ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಹಣವಿಲ್ಲದೆ ಕಂಗಾಲಾಗಿದ್ದಾಗ, ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಅದರ ಕಚೇರಿ ಸಂಘದ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ನಾಲ್ಕು ಕೊನೆಯ ಹಾಡುಗಳು’ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್, ನುಡಿಸಿದ್ದು ಫಿಲ್ಹಾರ್ಮೋನಿಯಾ. ಕಚೇರಿ ನಷ್ಟವಾದರೆ ತುಂಬಿಕೊಡಲು 4,800 ಡಾಲರ್ ಖಾತರಿ ಕೊಟ್ಟವರು ಮೈಸೂರಿನ ಮಹಾರಾಜರು. ಆ ನಾಲ್ಕು ಹಾಡುಗಳಲ್ಲಿ ಎರಡನ್ನು ಮನಸ್ಸಿಟ್ಟು ಕೇಳಬೇಕು: ಒಂದರ ಕೊನೆಯಲ್ಲಿ ಹಾಡು ನಿಂತ ಮೇಲೆ ಹಾರ್ನ್ ಒಂದೇ ಮುಂದುವರಿದು ಮುಗಿಸುತ್ತದೆ, ಇನ್ನೊಂದರ ನಡುವೆ ಒಂಟಿ ಪಿಟೀಲು ಹೆಣ್ಣುದನಿ ಮಾತಿನಲ್ಲಿ ಹೇಳಲಾರದ್ದನ್ನು ಹೇಳುತ್ತದೆ. ಅಷ್ಟು ದೊಡ್ಡ ಆರ್ಕೆಸ್ಟ್ರಾದ ನಡುವೆಯೂ ಪಡಸಾಲೆಯ ಆಪ್ತ ಮಾತುಕತೆ.

ಹಣ ಕೊಟ್ಟವರು ಆ ಸಂಜೆ ಅಲ್ಲಿರಲಿಲ್ಲ. ಅವರಿಗಾಗಿಯೇ ಧ್ವನಿಮುದ್ರಣ ಮಾಡಿಸಲಾಯಿತು. ಆ ವರ್ಷ ಜನವರಿ 26ಕ್ಕೆ ಭಾರತ ಗಣರಾಜ್ಯವಾಗಿ, ಮೈಸೂರಿನ ಮಹಾರಾಜರು ರಾಜಪ್ರಮುಖರಾಗಿದ್ದರು. ಸಂಸ್ಥಾನದ ಬೊಕ್ಕಸದಿಂದ ಸಂಗೀತ ಸಾಕುವ ಕಾಲ ಮುಗಿದಿತ್ತು. ಅರಮನೆಯ ಎರಡೂ ಬ್ಯಾಂಡುಗಳು ಮುಂದೆ ರಾಜ್ಯದ ಪೊಲೀಸ್ ಇಲಾಖೆಗೆ ಸೇರಿದವು. ದಸರೆಯಲ್ಲಿ ಅವು ಈಗಲೂ ನುಡಿಸುತ್ತವೆ, ಪೊಲೀಸ್ ಸಮವಸ್ತ್ರದಲ್ಲಿ.

ನಮ್ಮ ತುರ್ವಿಹಾಳ ಆಗ ಮೈಸೂರಿನದಲ್ಲ. 1948ರ ಸೆಪ್ಟೆಂಬರಿನವರೆಗೆ ನಿಜಾಮನ ಆಳ್ವಿಕೆಯ ರಾಯಚೂರು ಜಿಲ್ಲೆ, ಆಮೇಲೆ ಹೈದರಾಬಾದ್ ರಾಜ್ಯ. 1956ರ ನವೆಂಬರ್ 1ರಂದು ನಾವು ಕೂಡಿದ ಹೊಸ ಮೈಸೂರು ರಾಜ್ಯಕ್ಕೆ ಅದೇ ಜಯಚಾಮರಾಜ ಒಡೆಯರು ಮೊದಲ ರಾಜ್ಯಪಾಲರು. ಅರಮನೆಯ ಆರ್ಕೆಸ್ಟ್ರಾ ನಮ್ಮ ಕಡೆಯವರಿಗೆ ಕೇಳಿದ್ದೇ ಇಲ್ಲ. ನಮ್ಮ ಕಿವಿಗೆ ಊದುವಾದ್ಯವೂ ತಂತಿಯೂ ಕೂಡಿ ಬಿದ್ದದ್ದು ನಾಟಕ ಕಂಪನಿಯ ಡೇರೆಯಲ್ಲಿ. ರಂಗದ ಮುಂದೆ ಪೇಟಿ ಮಾಸ್ತರರು, ಪಕ್ಕದಲ್ಲಿ ತಬಲಾ, ಅನುಕೂಲವಿದ್ದ ಕಂಪನಿಗಳಲ್ಲಿ ಪಿಟೀಲು ಮತ್ತು ಕ್ಲಾರಿನೆಟ್. ಪೇಟಿಯೂ ಗಾಳಿಯ ವಾದ್ಯವೇ ಎಂಬುದನ್ನು ನಾವು ಮರೆಯುತ್ತೇವೆ. ತಿದಿ ಒತ್ತಿದ ಗಾಳಿ ಲೋಹದ ನಾಲಿಗೆಗಳನ್ನು ಮಿಡಿಯುತ್ತದೆ, ಬಾಯಿ ಮಾತ್ರ ಹಚ್ಚುವಂತಿಲ್ಲ. ಎಂಜಲಿಲ್ಲದ ಆ ಗಾಳಿ ಮಠಕ್ಕೆ, ಭಜನೆಗೆ, ಪಡಸಾಲೆಗೆ ತಡೆಯಿಲ್ಲದೆ ಬಂತು. ಸನಾದಿಗೆ ತೆರೆಯದ ಬಾಗಿಲು ಪೇಟಿಗೆ ತೆರೆಯಿತು. ಆಕಾಶವಾಣಿಯವರು 1940ರಲ್ಲಿ ಅದಕ್ಕೆ ನಿಷೇಧ ಹಾಕಿ 1971ರವರೆಗೆ ದೂರವಿಟ್ಟರೂ ನಮ್ಮ ಜನ ಅದನ್ನು ಬಿಡಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಪೇಟಿ, ತಬಲಾ, ಪಿಟೀಲು, ಸಾರಂಗಿ ಎಲ್ಲವನ್ನೂ ತಾವೇ ನುಡಿಸಿ, ಜಾತಿ ಕೇಳದೆ ಅಂಧ ಮಕ್ಕಳಿಗೆ ಕಲಿಸಿದರು. ಅವರಲ್ಲಿ ಕಲಿತವರು ಬಯಲುಸೀಮೆಯ ಊರೂರಿಗೆ ಹೋದರು. ವಾದ್ಯಗಳ ನಡುವಿನ ಗೋಡೆ ಒಡೆಯಲು ಅರಮನೆಯೇ ಬೇಕಿಲ್ಲ ಎಂಬುದಕ್ಕೆ ಆ ಆಶ್ರಮ ಸಾಕ್ಷಿ.

ಉಳಿದ ಕೆಲಸ ಮಾಡಿದ್ದು ರೇಡಿಯೊ ಮತ್ತು ಗ್ರಾಮಫೋನು. ಮೈಕಿನ ಮುಂದೆ ಕೂತರೆ ಸನಾದಿ ಬೇರೆ ಅಲ್ಲ, ವೀಣೆ ಬೇರೆ ಅಲ್ಲ. ಯಾವುದನ್ನು ಎಷ್ಟು ದೂರ ಕೂರಿಸಬೇಕು ಎಂದು ತಿಳಿದವನಿದ್ದರೆ ಸಾಕು. 1952ರಲ್ಲಿ ದೆಹಲಿಯ ಆಕಾಶವಾಣಿಯಲ್ಲಿ ವಾದ್ಯವೃಂದ ಹುಟ್ಟಿತು, ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ಅವರ ಮುಂದಾಳತ್ವದಲ್ಲಿ. ಬಿಸ್ಮಿಲ್ಲಾ ಖಾನರ ಶಹನಾಯಿ ಮತ್ತು ವಿ.ಜಿ. ಜೋಗ್ ಅವರ ಪಿಟೀಲಿನ ಜುಗಲ್‌ಬಂದಿ ತಟ್ಟೆಯಾಗಿ ಮನೆಮನೆಗೆ ಬಂತು. 1966ರಲ್ಲಿ ಲಾಲ್ಗುಡಿ ಜಯರಾಮನ್, ಎನ್. ರಮಣಿ, ಆರ್. ವೆಂಕಟರಾಮನ್ ಪಿಟೀಲು–ವೇಣು–ವೀಣೆಯ ಕಚೇರಿ ಆರಂಭಿಸಿದರು. ನಮ್ಮ ಕಡೆಯ ಕಲಬುರಗಿ ಆಕಾಶವಾಣಿ ಕೇಂದ್ರ ಶುರುವಾದದ್ದೂ ಅದೇ ವರ್ಷ.

ಈ ಎಲ್ಲ ಎಳೆಗಳು ಬಂದು ಸೇರುವುದು ಬಂಟ್ವಾಳ ತಾಲೂಕಿನ ಸಜಿಪಮೂಡದ ಒಬ್ಬ ಹುಡುಗನಲ್ಲಿ. ಕದ್ರಿ ಗೋಪಾಲನಾಥರು ಹುಟ್ಟಿದ್ದು 1949ರ ಡಿಸೆಂಬರ್ 6. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನ ಕೈಗೂ ಮೊದಲು ಬಂದದ್ದು ನಾಗಸ್ವರವೇ. ಎಳೆಯ ವಯಸ್ಸಿನಲ್ಲಿ ಮೈಸೂರಿಗೆ ಹೋದಾಗ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನಿನ ದನಿ ಕೇಳಿತು. ಅಲ್ಲಿಂದ ಮನಸ್ಸು ಬೇರೆಡೆಗೆ ಹೋಗಲಿಲ್ಲ. ನಾಲ್ವಡಿಯವರು ಪ್ರೀತಿಯಿಂದ ಸಾಕಿದ ಬ್ಯಾಂಡು ಯಾವ ದೊಡ್ಡ ಕೆಲಸ ಮಾಡಿತು ಎಂದು ಯಾರಾದರೂ ಕೇಳಿದರೆ, ನನಗೆ ಈ ಒಂದು ಉತ್ತರ ಸಾಕು.

ಸ್ಯಾಕ್ಸೊಫೋನು 1846ರಲ್ಲಿ ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಪೇಟೆಂಟ್ ಪಡೆದ ವಾದ್ಯ. ಅದರ ರಂಧ್ರಗಳು ದೊಡ್ಡವು, ಬೆರಳಿಗೆ ಸಿಗುವುದಿಲ್ಲ. ಮೆತ್ತೆ ಹಚ್ಚಿದ ಮುಚ್ಚಳಗಳನ್ನು ಕೀಲಿಗಳಿಂದ ಒತ್ತಿ ತೆರೆಯಬೇಕು. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಹಾರುತ್ತದೆ, ಜಾರುವುದಿಲ್ಲ. ತೋಡಿಯ ಗಾಂಧಾರವನ್ನು ಹಾರಿಸಿ ನುಡಿಸಿದರೆ ಅದು ತೋಡಿಯೇ ಅಲ್ಲ. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿಯುತ್ತಾ, ಗೋಪಾಲನಾಥರು ತುಟಿ, ಉಸಿರು, ಅರೆ ಒತ್ತಿದ ಕೀಲಿ ಇವುಗಳಲ್ಲೇ ಗಮಕದ ದಾರಿ ಹುಡುಕಿದರು. ನಾಗಸ್ವರ ಊದಿದ ಬಾಯಿಗೆ ಸ್ವರವನ್ನು ತುಟಿಯಿಂದ ಬಾಗಿಸುವುದು ಮನೆತನದ ವಿದ್ಯೆ. ಮನೆಯ ಹೊರಗೆ ಕೂರಿಸಿದ್ದವರ ವಿದ್ಯೆಯೇ ಸ್ಯಾಕ್ಸೊಫೋನನ್ನು ಕಚೇರಿಯೊಳಗೆ ತಂದಿತು. ಸೆಮ್ಮಂಗುಡಿ ಶ್ರೀನಿವಾಸ ಅಯ್ಯರಂಥ ಹಿರಿಯರೂ ಅವರನ್ನು ಅಪ್ಪಟ ಕರ್ನಾಟಕ ಸಂಗೀತಗಾರರೆಂದು ಒಪ್ಪಿದರು.

ಗೋಪಾಲನಾಥರ ಕಚೇರಿಯ ಸೊಗಸು ಒಂಟಿ ಸ್ಯಾಕ್ಸೊಫೋನಿನದಲ್ಲ. ಬದಿಯಲ್ಲಿ ಎ. ಕನ್ಯಾಕುಮಾರಿಯವರ ಪಿಟೀಲು, ಜೊತೆಗೆ ಮೃದಂಗ, ಮೋರ್ಸಿಂಗ್. ಆಲಾಪನೆಯಲ್ಲಿ ಸ್ಯಾಕ್ಸೊಫೋನು ಬಿಟ್ಟ ಎಳೆಯನ್ನು ಪಿಟೀಲು ಹಿಡಿದುಕೊಳ್ಳುತ್ತದೆ. ಸ್ವರಪ್ರಸ್ತಾರಕ್ಕೆ ಬಂದಾಗ ಇಬ್ಬರೂ ಒಂದೊಂದು ಆವರ್ತ, ಆಮೇಲೆ ಅರ್ಧ ಆವರ್ತ, ಕೊನೆಗೆ ಒಂದೊಂದೇ ಗುಚ್ಛವಾಗಿ ಸಮೀಪಿಸುತ್ತಾರೆ. ಊದುವವರಿಗೆ ಉಸಿರು ಮುಗಿಯುತ್ತದೆ, ಬಿಲ್ಲಿಗೆ ಮುಗಿಯುವುದಿಲ್ಲ. ಒಬ್ಬರ ಉಸಿರಿನ ಅಳತೆ ನೋಡಿಕೊಂಡು ಇನ್ನೊಬ್ಬರು ಬಿಲ್ಲು ಎಳೆಯುವುದು ಇಂಥ ಮೇಳದ ಒಳಗುಟ್ಟು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಗೋಪಾಲನಾಥರನ್ನು ಕೇಳಿ ವೇದಿಕೆಗೆ ಕರೆದುಕೊಂಡರು. 1994ರಲ್ಲಿ ಬಿಬಿಸಿಯ ಪ್ರಾಮನೇಡ್ ಕಚೇರಿಗೆ ಕರೆ ಬಂತು. ಜಾಗ ರಾಯಲ್ ಆಲ್ಬರ್ಟ್ ಹಾಲ್. 44 ವರ್ಷದ ಹಿಂದೆ ಮೈಸೂರಿನ ಹಣದಿಂದ ಸ್ಟ್ರಾಸ್‌ನ ಹಾಡು ಕೇಳಿಬಂದಿದ್ದ ಸಭಾಂಗಣದಲ್ಲಿ ಈಗ ಮೈಸೂರಿನ ಬ್ಯಾಂಡು ಕೇಳಿ ಬೆಳೆದ ನಾಗಸ್ವರದ ಮನೆಯವರು ರಾಗ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು.

2008ರಲ್ಲಿ ಇನ್ನೊಂದು ಧ್ವನಿಮುದ್ರಣ ಹೊರಬಂತು, ‘ಕಿನ್ಸ್‌ಮೆನ್’. ಅದನ್ನು ಕಟ್ಟಿದವರು ಇಟಲಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ. ಹೆಸರು ಕೇಳಿದರೆ ನಮ್ಮ ಕಡೆಯ ಯಾವುದೋ ಓಣಿಯವರೇ ಅನ್ನಿಸುತ್ತದೆ. ಅವರದೂ ಗೋಪಾಲನಾಥರದೂ ಸೇರಿ ಎರಡು ಸ್ಯಾಕ್ಸೊಫೋನು, ಕನ್ಯಾಕುಮಾರಿಯವರ ಪಿಟೀಲು, ಗಿಟಾರು, ಬಾಸ್, ಮೃದಂಗ, ಡ್ರಮ್ಸ್ — ಏಳು ಜನ. ಇಬ್ಬರು ಊದುವವರ ನಡುವೆ ಪಿಟೀಲು ಒಮ್ಮೆ ಈಚೆಗೆ, ಒಮ್ಮೆ ಆಚೆಗೆ ಹೋಗಿ ಮಾತಾಡಿಸಿ ಬರುತ್ತದೆ.

ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. ಕರಾವಳಿಯ ದೇವಸ್ಥಾನಗಳಲ್ಲಿ, ಮದುವೆ ಮಂಟಪಗಳಲ್ಲಿ ಇಂದು ನಾಗಸ್ವರದ ಜಾಗದಲ್ಲಿ ಸ್ಯಾಕ್ಸೊಫೋನು ಕೇಳುವುದು ಸಾಮಾನ್ಯ. ಹೆಂಗಸರು ಊದುವಾದ್ಯ ಹಿಡಿಯುವುದೇ ಅಪರೂಪವಾಗಿದ್ದ ನಾಡಿನಲ್ಲಿ ಎಂ.ಎಸ್. ಸುಬ್ಬಲಕ್ಷ್ಮಿ, ಎಂ.ಎಸ್. ಲಾವಣ್ಯ ಸಹೋದರಿಯರು ಸ್ಯಾಕ್ಸೊಫೋನ್ ಹಿಡಿದು ಪಿಟೀಲು, ಮೃದಂಗಗಳ ನಡುವೆ ಕೂತು ಪೂರ್ಣ ಕಚೇರಿ ನಡೆಸುತ್ತಾರೆ.